ಬಾವಿಯ ಇಂಜಿನ್, ದೋಣಿಯ ಇಂಜಿನ್

ನಮ್ಮ ತಂಡದ ಒಬ್ಬರ ಊರು ಶ್ರೀನಿವಾಸಪುರ ತಾಲ್ಲೂಕಿನಲ್ಲಿದೆ. ಮನೆಯ ಹಿಂದೆ ಮಾವಿನ ತೋಪು. ತೋಪಿನ ಮೂಲೆಯಲ್ಲಿ ಕಲ್ಲು ಕಟ್ಟಿದ ಹಳೇ ಬಾವಿ. ಬಾವಿಯ ಪಕ್ಕ ಹೆಂಚು ಹಾರಿಹೋದ ಒಂದು ಚಿಕ್ಕ ಕೊಠಡಿ. ಅದರೊಳಗೆ ಎರಡು ದೊಡ್ಡ ಚಕ್ರದ ಆಯಿಲ್ ಇಂಜಿನ್ ತುಕ್ಕು ಹಿಡಿದು ಕೂತಿತ್ತು. ತಾತನ ಕಾಲದ್ದು. ಹೋದ ಬೇಸಿಗೆಯಲ್ಲಿ ಗುಜರಿಯವರು ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದರು. ಮನೆಯವರು ಕೊಟ್ಟುಬಿಡೋಣ ಅಂದರು. ನಾವು ಹೋಗಿ, ಒಂದು ತಿಂಗಳು ಟೈಮ್ ಕೊಡಿ, ಓಡುತ್ತಾ ನೋಡ್ತೀವಿ ಅಂದೆವು.

ನಾವು ಕೆಲಸ ಶುರು ಮಾಡಿದ ದಿನ ಪಕ್ಕದ ಮನೆಯ ಹುಡುಗ ಬಂದು ನಿಂತ. ಏಳನೇ ಕ್ಲಾಸು. ಸ್ವಲ್ಪ ಹೊತ್ತು ನೋಡಿ ಒಂದು ಪ್ರಶ್ನೆ ಕೇಳಿದ: "ಅಣ್ಣಾ, ಇದನ್ನ ದೋಣಿಗೆ ಹಾಕಿ ಕೆರೆಯಲ್ಲಿ ಬಿಡಬಹುದಾ?"

ಎಲ್ಲರೂ ನಕ್ಕೆವು. ಕೋಲಾರದಲ್ಲಿ ದೋಣಿ! ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಪಾಲಾರ್ ಅಂದರೆ ಹಾಲಿನ ಹೊಳೆ ಅಂತ ಹೆಸರು. ಮಳೆ ಬಿದ್ದ ನಾಲ್ಕು ದಿನ ಬಿಟ್ಟರೆ ಅಲ್ಲಿ ಕಾಣೋದು ಮರಳು. ನಾವು ನೋಡಿದ ತೇಲುವ ವಸ್ತು ಅಂದರೆ ತೆಪ್ಪೋತ್ಸವದ ತೆಪ್ಪ, ಇಲ್ಲಾ ಮೀನು ಹಿಡಿಯೋರ ಹರಿಗೋಲು.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಹುಡುಗನ ಪ್ರಶ್ನೆ ತಮಾಷೆಯದ್ದಲ್ಲ. ನಮ್ಮ ಬಾವಿಗೆ ಬಂದ ಇಂಜಿನ್ನೂ ದೋಣಿಗೆ ಹೋದ ಇಂಜಿನ್ನೂ ಒಂದೇ ಜಾತಿಯವು. ಎರಡೂ ಕಡೆ ಅವು ಏನು ಮಾಡಿದವು ಅನ್ನೋ ಕಥೆಯೂ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಮಾತ್ರ ಆ ಕಥೆಗೆ ಮುಂದಿನ ಅಧ್ಯಾಯ ಇದೆ. ಅದನ್ನು ಹೇಳೋಕೆ ಈ ಬರಹ.

ಇಂಜಿನ್ ಹುಟ್ಟಿದ ಊರು

ಕೊಠಡಿಯಲ್ಲಿದ್ದ ಇಂಜಿನ್ನಿನ ಹೆಸರಿನ ಫಲಕ ಉದುರಿಹೋಗಿತ್ತು. ಆದರೆ ಅದರ ಆಕಾರ ನೋಡಿದರೆ ಹಳೇ ಮೆಕಾನಿಕ್ ಯಾರಾದರೂ ಹೇಳುತ್ತಾರೆ: "ಇದು ಲಿಸ್ಟರ್ ಮಾಡಲ್ಲು."

ಲಿಸ್ಟರ್ ಅನ್ನೋದು ಇಂಗ್ಲೆಂಡಿನ ಡರ್ಸ್ಲಿ ಎಂಬ ಸಣ್ಣ ಊರಿನ ಕಂಪನಿ. 1930ರ ಹೊತ್ತಿಗೆ ಅವರು ಒಂದೇ ಸಿಲಿಂಡರಿನ, ನಿಧಾನಕ್ಕೆ ತಿರುಗುವ ಡೀಸೆಲ್ ಇಂಜಿನ್ ಒಂದನ್ನು ಮಾರುಕಟ್ಟೆಗೆ ಬಿಟ್ಟರು. ಅದಕ್ಕೆ ಮುಂಚಿನ ಹಲವು ಆಯಿಲ್ ಇಂಜಿನ್ನುಗಳಿಗೆ ಒಂದು ತೊಂದರೆ ಇತ್ತು. ಶುರು ಮಾಡುವ ಮುಂಚೆ ತಲೆಯ ಭಾಗವನ್ನು ಬ್ಲೋ ಲ್ಯಾಂಪಿನಿಂದ ಕೆಂಪಗೆ ಕಾಯಿಸಬೇಕಿತ್ತು. ಲಿಸ್ಟರ್ ಇಂಜಿನ್ನಿಗೆ ಅದು ಬೇಕಿರಲಿಲ್ಲ. ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು, ತಣ್ಣಗಿದ್ದದ್ದು ಹಾಗೇ ಹೊತ್ತಿಕೊಳ್ಳುತ್ತಿತ್ತು. ಒಬ್ಬ ರೈತ ಒಬ್ಬನೇ ಶುರು ಮಾಡಬಹುದಾದ ಇಂಜಿನ್.

6 ಎಚ್‌ಪಿಯ ಮಾದರಿ ನಿಮಿಷಕ್ಕೆ 650 ಸುತ್ತು ತಿರುಗುತ್ತೆ. ಈಗಿನ ಬೈಕಿನ ಇಂಜಿನ್ನು ಸಾವಿರಾರು ಸುತ್ತು ತಿರುಗುವಾಗ ಇದು ಆಮೆ. ಆಮೆಯ ಹಾಗೇ ಆಯಸ್ಸೂ ಜಾಸ್ತಿ. ಡರ್ಸ್ಲಿಯಲ್ಲಿ ಈ ಇಂಜಿನ್ 1987ರವರೆಗೂ ತಯಾರಾಯಿತು. ಅಷ್ಟರೊಳಗೆ ಗುಜರಾತಿನ ರಾಜ್‌ಕೋಟ್‌ನ ಕಾರ್ಖಾನೆಗಳು ಅದೇ ಅಚ್ಚಿನಲ್ಲಿ ಇಂಜಿನ್ ಎರಕ ಹೊಯ್ಯಲು ಶುರು ಮಾಡಿದ್ದವು. ಭಾರತದ ಹಳ್ಳಿಹಳ್ಳಿಗೆ ಹೋದ ಲಿಸ್ಟರ್ ಮಾದರಿಗಳಲ್ಲಿ ಬಹಳಷ್ಟು ರಾಜ್‌ಕೋಟ್‌ನವೇ.

ಇನ್ನೊಂದು ಹೆಸರು ನಮಗೆಲ್ಲ ಗೊತ್ತು: ಕಿರ್ಲೋಸ್ಕರ್. ಇದರ ಬೇರು ಕರ್ನಾಟಕದಲ್ಲೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿದರು. ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಶುರುವಾದದ್ದು 1946ರಲ್ಲಿ. ಸ್ವಾತಂತ್ರ್ಯ ಬಂದ ಮೇಲಿನ ಮೂರು ದಶಕ ನಮ್ಮ ಕಡೆ "ಇಂಜಿನ್ ತಂದ್ರು" ಅಂದರೆ ಇಂಥದ್ದೇ ಯಾವುದೋ ಒಂದು ಅಂತ ಅರ್ಥ.

ಕಪಿಲೆ ನಿಂತ ಕಾಲ

ಇಂಜಿನ್ ಬರುವ ಮುಂಚೆ ಬಾವಿ ನೀರು ಎತ್ತುತ್ತಿದ್ದದ್ದು ಎತ್ತುಗಳು. ಅದಕ್ಕೆ ಕಪಿಲೆ ಅಂತ ಹೆಸರು. ಬಾವಿ ಬಾಯಲ್ಲಿ ರಾಟೆ, ಹಗ್ಗ, ಚರ್ಮದ ಬಾನಿ. ಜೋಡಿ ಎತ್ತು ಇಳಿಜಾರಿನಲ್ಲಿ ಕೆಳಗೆ ಹೋದರೆ ಬಾನಿ ಮೇಲೆ ಬರುತ್ತೆ, ನೀರು ತೊಟ್ಟಿಗೆ ಬೀಳುತ್ತೆ. ಎತ್ತು ಹಿಂದಕ್ಕೆ ಬಂದರೆ ಬಾನಿ ಮತ್ತೆ ಬಾವಿಗೆ. ಕೋಳಿ ಕೂಗುವ ಮುಂಚೆ ಶುರು ಮಾಡಿ ಬಿಸಿಲು ಏರುವವರೆಗೆ ಇದೇ ಕೆಲಸ. ಕಪಿಲೆ ಹೊಡೆಯುವವರು ಹಾಡುತ್ತಿದ್ದರು. ನಿದ್ದೆ ಬಾರದಿರಲಿ ಅಂತ, ಎತ್ತಿಗೂ ಬೇಸರ ಆಗದಿರಲಿ ಅಂತ.

ಇಷ್ಟೆಲ್ಲ ಮಾಡಿದರೂ ಹಾಯುತ್ತಿದ್ದದ್ದು ಸ್ವಲ್ಪ ನೆಲ. ಎತ್ತು ದಣಿಯುತ್ತೆ, ಮನುಷ್ಯ ದಣಿಯುತ್ತಾನೆ. ಮಧ್ಯಾಹ್ನ ಬಿಟ್ಟರೆ ಮತ್ತೆ ಬೆಳಗಿನ ಜಾವವೇ. ಆ ಬಿಡುವಿನಲ್ಲಿ ಬಾವಿಯ ಊಟೆ ಮತ್ತೆ ನೀರು ತುಂಬಿಕೊಳ್ಳುತ್ತಿತ್ತು. ಬಾವಿಗೆ ರಜೆ ಕೊಡಬೇಕು ಅಂತ ಯಾರೂ ಯೋಚಿಸಿದ್ದಲ್ಲ. ಎತ್ತಿನ ದಣಿವೇ ಬಾವಿಯ ರಜೆ ಆಗಿತ್ತು.

ಕೆರೆಗಳ ಕಡೆ ಯೋಚಿಸಿಯೇ ಕಟ್ಟಿದ ನಿಯಮ ಇತ್ತು. ಕೋಲಾರ, ಚಿಕ್ಕಬಳ್ಳಾಪುರ ಸೇರಿದ್ದ ಹಳೇ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳು. ಒಂದರ ಕೋಡಿ ಹರಿದರೆ ಇನ್ನೊಂದಕ್ಕೆ ನೀರು. ತೂಬು ಎತ್ತೋದು ನೀರುಗಂಟಿಯ ಕೆಲಸ. ಯಾರ ಗದ್ದೆಗೆ ಯಾವ ಹೊತ್ತು ಅನ್ನೋದನ್ನ ಅವನು ನೋಡಿಕೊಳ್ಳುತ್ತಿದ್ದ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಅರ್ಧಕ್ಕೆ ಮಾತ್ರ ಭತ್ತ.

ಇಂಜಿನ್ ಬಂತು. ತಕಾವಿ ಸಾಲ, ಭೂ ಅಡಮಾನ ಬ್ಯಾಂಕಿನ ಸಾಲ ಮಾಡಿ ಜನ ತಂದರು. ಒಂದು ಬೆಳಗ್ಗೆ ಕಪಿಲೆ ಹೊಡೆದರೆ ಆಗುವ ಕೆಲಸ ಸ್ವಲ್ಪ ಹೊತ್ತಿನಲ್ಲೇ ಮುಗಿಯಿತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಬ್ಬು ಬಂತು, ತರಕಾರಿ ಬಂತು, ಹಿಪ್ಪುನೇರಳೆ ಬಂತು. ಕತ್ತಲಲ್ಲಿ ಎದ್ದು ಎತ್ತಿನ ಹಿಂದೆ ಓಡುತ್ತಿದ್ದ ಹುಡುಗರು ಸ್ಕೂಲಿಗೆ ಹೋದರು. ಇದನ್ನ ಮರೆತು ಬರೀ "ಹಿಂದಿನ ಕಾಲವೇ ಚೆನ್ನಾಗಿತ್ತು" ಅನ್ನೋದು ಸುಳ್ಳಾಗುತ್ತೆ. ಕಪಿಲೆ ಹೊಡೆದ ಯಾವ ಅಜ್ಜನೂ ನಮ್ಮ ಹತ್ತಿರ ಹಾಗೆ ಹೇಳಿಲ್ಲ.

ಇಂಜಿನ್ ದೋಣಿ ಹತ್ತಿದ್ದು

ಈಗ ಹುಡುಗನ ಪ್ರಶ್ನೆಗೆ ಬರೋಣ. ಬಾವಿ ಇಂಜಿನ್ನನ್ನು ದೋಣಿಗೆ ಹಾಕಿದವರು ಇದ್ದಾರಾ? ಇದ್ದಾರೆ, ಲಕ್ಷಗಟ್ಟಲೆ.

ಬಾಂಗ್ಲಾದೇಶ ನಮಗೆ ಪೂರಾ ಉಲ್ಟಾ. ಅಲ್ಲಿ ಎಲ್ಲಿ ನೋಡಿದರೂ ನೀರು. ಮಳೆಗಾಲದಲ್ಲಿ ಹೊಲವೇ ಹೊಳೆಯಾಗುತ್ತೆ. ಬೇಸಿಗೆ ಭತ್ತಕ್ಕೆ ಕಡಿಮೆ ಆಳದ ಕೊಳವೆ ಬಾವಿಯಿಂದ ನೀರೆತ್ತಲು ಅಲ್ಲಿನ ರೈತರು ಸಣ್ಣ ಡೀಸೆಲ್ ಇಂಜಿನ್ ತಂದರು. ಅದನ್ನು ಅವರು ಶ್ಯಾಲೋ ಇಂಜಿನ್ ಅಂತಾರೆ. ಮಳೆಗಾಲದಲ್ಲಿ ಆ ಇಂಜಿನ್ನಿಗೆ ಕೆಲಸ ಇಲ್ಲ. ಮನೆ ಮುಂದೆ ಹಳೇ ಮರದ ದೋಣಿ ಇದೆ. 1980ರ ದಶಕದಲ್ಲಿ ಹಳ್ಳಿಯ ಬಡಗಿಗಳೂ ಮೆಕಾನಿಕ್‌ಗಳೂ ಇವೆರಡನ್ನೂ ಜೋಡಿಸಿದರು. ಯಾವ ಸರ್ಕಾರಿ ಯೋಜನೆಯೂ ಹೇಳಿಕೊಟ್ಟದ್ದಲ್ಲ. ಮಳೆಗಾಲದಲ್ಲಿ ದೋಣಿಯಲ್ಲಿ, ಬೇಸಿಗೆಯಲ್ಲಿ ಗದ್ದೆಯಲ್ಲಿ, ಹೀಗೆ ಒಂದೇ ಇಂಜಿನ್ ಎರಡು ಕಡೆ ದುಡಿಯಿತು. ಸಾವಿರಾರು ವರ್ಷ ಹಾಯಿ, ಹುಟ್ಟು, ಹಗ್ಗದಲ್ಲಿ ನಡೆದ ದೋಣಿಗಳ ದೇಶ ಕೆಲವೇ ವರ್ಷಗಳಲ್ಲಿ ಇಂಜಿನ್ ದೋಣಿಗಳ ದೇಶವಾಯಿತು. ನಮ್ಮದೇ ಪಶ್ಚಿಮ ಬಂಗಾಳದ ಸುಂದರಬನದಲ್ಲಿ ಇಂಥ ದೋಣಿಯನ್ನು ಭೊಟ್‌ಭೊಟಿ ಅಂತಾರೆ. ಇಂಜಿನ್ನಿನ ಸದ್ದೇ ಹೆಸರು.

ಇದಕ್ಕೂ ಮುಂಚೆ ವಿಯೆಟ್ನಾಮಿನಲ್ಲಿ ಇದರ ಉಲ್ಟಾ ನಡೆದಿತ್ತು. ಮೆಕಾಂಗ್ ನದಿಯ ಬಯಲಿನಲ್ಲಿ ಜನರ ಹತ್ತಿರ ಮೊದಲು ಇದ್ದದ್ದು ದೋಣಿ ಇಂಜಿನ್. 1960ರ ದಶಕದ ಆರಂಭದಲ್ಲಿ ಅಲ್ಲಿನವರು ಆ ಇಂಜಿನ್ನಿನ ಉದ್ದ ಶಾಫ್ಟಿನ ತುದಿಗೆ ತಗಡಿನ ಕೊಳವೆ ಹೊದಿಸಿ, ಒಳಗೆ ರೆಕ್ಕೆ ತಿರುಗುವ ಹಾಗೆ ಮಾಡಿ, ಕಾಲುವೆ ನೀರನ್ನು ಗದ್ದೆಗೆ ಎತ್ತಿದರು. ದೋಣಿಯನ್ನು ಮುಂದಕ್ಕೆ ತಳ್ಳುವ ರೆಕ್ಕೆಯೇ ಕೊಳವೆಯೊಳಗೆ ಕೂತರೆ ನೀರನ್ನು ಮೇಲಕ್ಕೆ ತಳ್ಳುತ್ತೆ. ಲೆಕ್ಕ ಒಂದೇ.

ಹಾಗಂತ ಜೋಡಿಸೋದು ಸುಲಭ ಅಲ್ಲ. ಬಾವಿಯ ಇಂಜಿನ್ ಬೆಲ್ಟಿನ ಮೂಲಕ ಪಂಪು ತಿರುಗಿಸುತ್ತೆ, ಅಷ್ಟೇ. ದೋಣಿಯಲ್ಲಿ ಒಂದು ಶಾಫ್ಟು ಹಿಂಭಾಗದ ಮರವನ್ನು ತೂರಿ ನೀರಿಗೆ ಹೋಗಬೇಕು. ಆ ತೂತಿನಿಂದ ನೀರು ಒಳಗೆ ಬರಬಾರದು. ಅದಕ್ಕೆ ಗ್ರೀಸಿನಲ್ಲಿ ನೆನೆಸಿದ ಹುರಿಯನ್ನು ಶಾಫ್ಟಿನ ಸುತ್ತ ಬಿಗಿಯಾಗಿ ತುಂಬುತ್ತಾರೆ. ನಮ್ಮ ಪಂಪಿನ ಗ್ಲ್ಯಾಂಡಿಗೆ ದಾರ ಹಾಕುತ್ತೀವಲ್ಲ, ಹಾಗೇ. ಇನ್ನೊಂದು ತೊಂದರೆ ಕಣ್ಣಿಗೆ ಕಾಣಲ್ಲ. ರೆಕ್ಕೆ ನೀರನ್ನು ಹಿಂದಕ್ಕೆ ತಳ್ಳಿದಾಗ ಅಷ್ಟೇ ಬಲ ಶಾಫ್ಟಿನ ಉದ್ದಕ್ಕೂ ಮುಂದಕ್ಕೆ ಬಂದು ಇಂಜಿನ್ನಿಗೆ ಗುದ್ದುತ್ತೆ. ಬೆಲ್ಟು ಎಳೆಯೋಕೆ ಮಾಡಿದ ಬೇರಿಂಗು ಆ ಗುದ್ದು ತಾಳಲ್ಲ. ನಡುವೆ ಅದಕ್ಕೇ ಅಂತ ಒಂದು ಥ್ರಸ್ಟ್ ಬೇರಿಂಗ್ ಬೇಕು. ಇದನ್ನು ಮರೆತವರ ಇಂಜಿನ್ ಬೇಗ ಹಾಳಾಗುತ್ತೆ.

ತೂಕದ ವಿಷಯವೂ ಇದೆ. ನಮ್ಮ ಲಿಸ್ಟರ್ ಮಾದರಿ ಮುನ್ನೂರು ಕಿಲೋ ಮೇಲಿದೆ. ಬಾಂಗ್ಲಾದವರು ಹಾಕಿದ್ದು ಅದಕ್ಕಿಂತ ಬಹಳ ಹಗುರವಾದ ಚೀನಾ ಇಂಜಿನ್.

ನಮ್ಮ ಕರಾವಳಿಯ ದೋಣಿ

ದೂರದ ದೇಶ ಬಿಡಿ. ನಮ್ಮದೇ ರಾಜ್ಯದ ಕರಾವಳಿಯಲ್ಲಿ ಇದೇ ಕಥೆ ನಡೆದಿದೆ. ಕಾರವಾರದಿಂದ ಮಂಗಳೂರಿನ ಕೆಳಗಿನವರೆಗೆ ಸುಮಾರು 300 ಕಿಲೋಮೀಟರ್ ಸಮುದ್ರ ತೀರ. ಮೊಗವೀರರು, ಖಾರ್ವಿಗಳು, ಹರಿಕಂತ್ರರು ಅಲ್ಲಿ ರಂಪಣಿ ಬಲೆ ಹಾಕುತ್ತಿದ್ದರು. ರಂಪಣಿ ಒಬ್ಬರ ಬಲೆ ಅಲ್ಲ. ಒಬ್ಬೊಬ್ಬರೂ ತಮ್ಮ ಪಾಲಿನ ತುಂಡು ತಂದು ಸೇರಿಸಿ ಕಟ್ಟಿದ ಊರಿನ ಬಲೆ. ಮೀನಿನ ಗುಂಪು ದಡದ ಹತ್ತಿರ ಬಂದಾಗ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಡೋದು. ಆಮೇಲೆ ಹತ್ತಾರು ಜನ ದಡದಲ್ಲಿ ನಿಂತು ಎರಡು ತುದಿಯಿಂದ ಎಳೆಯೋದು. ಬಂಗುಡೆ, ಬೂತಾಯಿ ಬಂದರೆ ಎಲ್ಲರಿಗೂ ಪಾಲು. ಬಾರದಿದ್ದರೆ ಯಾರಿಗೂ ಇಲ್ಲ.

ಇಲ್ಲೂ ದಣಿವು ಒಂದು ಮಿತಿ. ಹುಟ್ಟು ಹಾಕುವ ತೋಳು ಹೋಗುವಷ್ಟು ದೂರ ಮಾತ್ರ ದೋಣಿ ಹೋಗುತ್ತೆ. ಮೀನು ದಡಕ್ಕೆ ಬರಬೇಕು, ಇವರು ಅದನ್ನು ಅಟ್ಟಿಸಿಕೊಂಡು ಹೋಗೋಕಾಗಲ್ಲ.

1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಮರುವರ್ಷ ಕೇರಳದ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆಯ ಕೆಲಸ ಶುರುವಾಯಿತು. 1963ರಲ್ಲಿ ಅದು ನಮ್ಮ ಕಾರವಾರಕ್ಕೂ ಬಂತು. ಅವರು ನೀಂಡಕರದಲ್ಲಿ ಮೊದಲು ಮಾಡಿ ನೋಡಿದ್ದು ಹಳೇ ದೋಣಿಗೇ ಇಂಜಿನ್ ಕೂರಿಸುವ ಕೆಲಸ. ಆಗಲಿಲ್ಲ. ಮರದ ದಿಮ್ಮಿ ಕೊರೆದು ಮಾಡಿದ ಕಿರಿದಾದ ದೋಣಿಗೆ ಇಂಜಿನ್ನಿನ ತೂಕ, ನಡುಕ ಒಗ್ಗಲಿಲ್ಲ. ದೋಣಿಯನ್ನು ಅಲೆ ದಾಟಿಸಿ ಮರಳಿನ ಮೇಲೆ ಎಳೆದು ತರಬೇಕು. ಕೆಳಗೆ ರೆಕ್ಕೆ ಇದ್ದರೆ ಅದು ಮುರಿಯುತ್ತೆ. ಕೊನೆಗೆ ಅವರು ಹೊಸ ದೋಣಿಯನ್ನೇ ವಿನ್ಯಾಸ ಮಾಡಿದರು.

ಹಳೇ ದೋಣಿಗೆ ಇಂಜಿನ್ ಕೂತದ್ದು ಮುಂದೆ, ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಇಂಜಿನ್ ಬಂದಾಗ. ದೋಣಿಗೆ ತೂತು ಕೊರೆಯುವ ಹಾಗಿಲ್ಲ. ದಡ ಬಂದರೆ ಇಂಜಿನ್ನನ್ನು ಮೇಲಕ್ಕೆ ಬಾಗಿಸಬಹುದು. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಯಲ್ಲಿ ಓಡಿಸಬಹುದು. ನಾಡದೋಣಿಯ ಮೀನುಗಾರರು ರಿಯಾಯಿತಿ ಸೀಮೆಎಣ್ಣೆಗೆ ಇವತ್ತಿಗೂ ಹೋರಾಡೋದು ಇದಕ್ಕೇ.

ಆದರೆ ಅಷ್ಟರಲ್ಲಿ ದೊಡ್ಡ ಬದಲಾವಣೆ ಆಗಿತ್ತು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ದೊಡ್ಡ ಇಂಜಿನ್, ಮೀನಿನ ಗುಂಪನ್ನೇ ಸುತ್ತುವರಿದು ಚೀಲದ ಹಾಗೆ ಬಾಯಿ ಬಿಗಿಯುವ ಬಲೆ. ಮೀನು ದಡಕ್ಕೆ ಬರುವ ಮುಂಚೆಯೇ ಸಮುದ್ರದಲ್ಲಿ ಹಿಡಿದುಬಿಟ್ಟರು. ಬಂದರಿಗೆ ಮೀನು ರಾಶಿರಾಶಿ ಬಂತು. ಐಸ್ ಕಾರ್ಖಾನೆ ಬಂದವು, ಲಾರಿ ಬಂದವು, ಎಷ್ಟೋ ಮನೆ ಎದ್ದವು. ದಡದಲ್ಲಿ ನಿಂತ ರಂಪಣಿಯವರಿಗೆ ಮಾತ್ರ ಎಳೆಯೋಕೆ ಮೀನಿಲ್ಲ. ಎರಡು ಗುಂಪಿನ ನಡುವೆ ಜಗಳ ಆಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಉಳಿದವರು ಸಣ್ಣ ಗುಂಪು ಮಾಡಿಕೊಂಡು, ದೋಣಿಗೆ ಔಟ್‌ಬೋರ್ಡ್ ಹಾಕಿ, ಮಾಟುಬಲೆ ಹಿಡಿದರು. ಹಳೇ ದೋಣಿ ಹೊಸ ಕೆಲಸಕ್ಕೆ ಬದಲಾಯಿತು, ಜೊತೆಗೆ ಅದರ ಮಾಲೀಕನೂ.

ಬಾವಿಯೊಳಗೆ ಇಳಿದ ಇಂಜಿನ್

ಅಲ್ಲಿ ಮೀನು ದೂರ ಹೋದ ಹಾಗೇ ಇಲ್ಲಿ ನೀರು ಕೆಳಗೆ ಹೋಯಿತು.

ದಡದಲ್ಲಿ ಕೂತ ಪಂಪು ನೀರನ್ನು ಹೀರಿ ಎಳೆಯೋಕೆ ಒಂದು ಮಿತಿ ಇದೆ. ಕಾಗದದ ಲೆಕ್ಕದಲ್ಲಿ ಸುಮಾರು 34 ಅಡಿ, ಅದೂ ಸಮುದ್ರ ಮಟ್ಟದಲ್ಲಿ. ಕೋಲಾರ ಇರೋದು ಸುಮಾರು 2,700 ಅಡಿ ಎತ್ತರದಲ್ಲಿ, ಇಲ್ಲಿ ಗಾಳಿಯ ಒತ್ತಡ ಕಡಿಮೆ. ಪೈಪಿನ ಸೋರಿಕೆ, ಬಾಗು ಎಲ್ಲ ಕಳೆದರೆ ಕೈಗೆ ಸಿಗೋದು 20ರಿಂದ 25 ಅಡಿ. ನೀರು ಅದಕ್ಕಿಂತ ಕೆಳಗಿಳಿದರೆ ಪಂಪನ್ನೇ ಕೆಳಗಿಳಿಸಬೇಕು. ನಮ್ಮ ಹಳೇ ಬಾವಿಗಳ ಒಳಗೆ ಅರ್ಧಕ್ಕೆ ಕಲ್ಲು ಚಪ್ಪಡಿಯ ಕಟ್ಟೆ ಇರುತ್ತೆ, ನೋಡಿದ್ದೀರಾ? ಇಂಜಿನ್ನೋ ಮೋಟರೋ ಇಟ್ಟಿದ್ದ ಜಾಗ ಅದು. ಇಂಜಿನ್ನನ್ನು ಬಾವಿಯೊಳಗೆ ಇಳಿಸಿದರೆ ಅದರ ಹೊಗೆ ಅಲ್ಲೇ ತುಂಬುತ್ತೆ. ಇಂಥ ಬಾವಿಗಿಳಿದು ಉಸಿರುಕಟ್ಟಿ ಸತ್ತವರ ಸುದ್ದಿ ದೇಶದ ಎಷ್ಟೋ ಕಡೆಯಿಂದ ಬಂದಿದೆ. ಇವತ್ತಿಗೂ ಯಾರೂ ಇಂಜಿನ್ ಓಡುತ್ತಿರುವ ಬಾವಿಗೆ ಇಳಿಯಬೇಡಿ.

ನಮ್ಮ ಇಂಜಿನ್ನಿಗೆ ತಣ್ಣೀರು ಹೋಗುತ್ತಿದ್ದದ್ದು ಅದು ಎತ್ತಿದ ನೀರಿನಿಂದಲೇ. ಪಂಪಿನ ನೀರಲ್ಲಿ ಸ್ವಲ್ಪ ಭಾಗ ಸಿಲಿಂಡರಿನ ಸುತ್ತ ಹರಿದು ಹೊರಗೆ ಬೀಳುತ್ತಿತ್ತು. ಬಾವಿ ಬತ್ತಿದರೆ ಇಂಜಿನ್ ಕಾಯುತ್ತೆ. ಮನೆಯ ಅಜ್ಜಿ ಹೇಳಿದ್ದು ಇಷ್ಟು: "ಮೊದಮೊದಲು ಬೆಳಗ್ಗೆಯಿಂದ ಸಾಯಂಕಾಲ ಓಡ್ತಿತ್ತು. ಆಮೇಲೆ ಊಟದ ಹೊತ್ತಿಗೆ ಕಾದು ನಿಲ್ತಿತ್ತು. ಆಮೇಲೆ ಸ್ನಾನ ಮಾಡಿ ಬರೋಷ್ಟರಲ್ಲಿ." ಬಾವಿಯ ಚರಿತ್ರೆಯನ್ನ ಇದಕ್ಕಿಂತ ಚೆನ್ನಾಗಿ ಬರೆಯೋಕೆ ನಮಗೆ ಬರಲ್ಲ.

ಕರೆಂಟು ಬಂತು, ಮೋಟರ್ ಬಂತು. ಬಾವಿಯ ತಳಕ್ಕೆ ಬೋರು ಕೊರೆಸಿದರು. ಆಮೇಲೆ ಬಾವಿಯನ್ನೇ ಬಿಟ್ಟು ಹೊಲದಲ್ಲಿ ಬೋರು. ನೀರೊಳಗೆ ಮುಳುಗಿ ಕೆಲಸ ಮಾಡುವ ಸಬ್‌ಮರ್ಸಿಬಲ್ ಮೋಟರಿಗೆ ಹೀರುವ ಮಿತಿಯೇ ಇಲ್ಲ. ಅದು ಎತ್ತಲ್ಲ, ದಣಿಯಲ್ಲ. ಡೀಸೆಲ್ ಖರ್ಚೂ ಇಲ್ಲ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಇನ್ನೂರು ಅಡಿ ಸಾವಿರ ಅಡಿಯಾಯಿತು, ಸಾವಿರದೈನೂರೂ ಆಯಿತು. ಕೆಲವು ಕಡೆ ಸಿಕ್ಕ ನೀರಲ್ಲಿ ಫ್ಲೋರೈಡ್. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲವೂ ಅತಿಬಳಕೆಯ ತಾಲ್ಲೂಕುಗಳು. ಮಳೆಯಿಂದ ಒಳಗೆ ಹೋಗೋದಕ್ಕಿಂತ ನಾವು ಹೊರಗೆ ತೆಗೆಯೋದು ಜಾಸ್ತಿ ಅಂತ ಅದರ ಅರ್ಥ.

ಇಲ್ಲೂ ಒಬ್ಬರ ಬಾವಿ ಬತ್ತಿದ್ದಕ್ಕೆ ಪಕ್ಕದವರ ಬೋರು ಕಾರಣ. ರಂಪಣಿಯವರಿಗೆ ತಮ್ಮ ಮೀನು ಯಾರು ಹಿಡಿದರು ಅಂತ ಕಣ್ಣಿಗೆ ಕಾಣುತ್ತಿತ್ತು, ಬೋಟು ಎದುರಿಗೇ ಓಡಾಡುತ್ತಿತ್ತು. ನಮಗೆ ಕಾಣಲ್ಲ. ನೀರು ನೆಲದೊಳಗೆ ಕೈ ಬದಲಾಯಿಸುತ್ತೆ. ಅದಕ್ಕೇ ನಮ್ಮಲ್ಲಿ ಜಗಳವೂ ಆಗಲಿಲ್ಲ, ನಿಯಮವೂ ಬರಲಿಲ್ಲ.

61 ದಿನ

ಮೊದಲೇ ಹೇಳಿದ ಮುಂದಿನ ಅಧ್ಯಾಯ ಇದು. ಈಗ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯ ಯಾಂತ್ರೀಕೃತ ಬೋಟುಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಸಮುದ್ರವೂ ಕೆರಳಿರುತ್ತೆ. 10 ಎಚ್‌ಪಿವರೆಗಿನ ಇಂಜಿನ್ನಿನ ನಾಡದೋಣಿಗೆ ಮಾತ್ರ ಅವಕಾಶ. ಬೋಟು ದಡಕ್ಕೆ ಬರುತ್ತೆ. ಆ ಎರಡು ತಿಂಗಳು ಮಲ್ಪೆಯಲ್ಲೂ ಮಂಗಳೂರಿನಲ್ಲೂ ಇಂಜಿನ್ ಬಿಚ್ಚಿ ರಿಪೇರಿ, ಬಣ್ಣ, ಬಲೆ ಹೊಲಿಯುವ ಕೆಲಸ.

ಇದು ತಾನಾಗಿ ಬಂದದ್ದಲ್ಲ. ಸಣ್ಣ ದೋಣಿಯವರು ಬೀದಿಗಿಳಿದರು. ಕೇರಳದಲ್ಲಿ ವರ್ಷಗಟ್ಟಲೆ ಹೋರಾಟ ನಡೆದು 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು. ಕರ್ನಾಟಕ 1986ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಮಾಡಿತು. ನಿಯಮ ಮುರಿಯುವವರು ಇದ್ದಾರೆ, ಮೀನು ಕಡಿಮೆಯಾದ ವರ್ಷಗಳೂ ಇವೆ. ಆದರೂ ಒಂದು ಮಾತನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ: ಇಂಜಿನ್ ದಣಿಯಲ್ಲ, ಆದ್ದರಿಂದ ನಾವೇ ಅದನ್ನು ನಿಲ್ಲಿಸಬೇಕು.

ನಮ್ಮ ಅಂತರ್ಜಲಕ್ಕೆ ಇಂಥ 61 ದಿನ ಯಾವುದು? ಕಾಗದದಲ್ಲಿ ಕಾಯಿದೆ ಇದೆ. 2011ರ ಕರ್ನಾಟಕ ಅಂತರ್ಜಲ ಕಾಯಿದೆ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರು ಕೊರೆಸಲು ಅನುಮತಿ ಬೇಕು. ಆದರೆ ಕೊರೆದಾದ ಮೇಲೆ ಮೋಟರು ಎಷ್ಟು ದಿನ ಓಡಬೇಕು ಅನ್ನೋದನ್ನ ನಮ್ಮ ಊರುಗಳಲ್ಲಿ ಯಾರೂ ಕೂತು ಮಾತಾಡಿಲ್ಲ.

ಮಾತಾಡಿದ ಊರುಗಳು ದೂರ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಗಡಿ ದಾಟಿದರೆ ಆಂಧ್ರದ ಚಿತ್ತೂರು ಸೀಮೆ. 2003ರಿಂದ 2009ರವರೆಗೆ ಆಂಧ್ರದ ಬರಪೀಡಿತ ಜಿಲ್ಲೆಗಳ ಆರು ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ರೈತರೇ ಅಂತರ್ಜಲ ಅಳೆಯುವ ಒಂದು ಯೋಜನೆ ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜೊತೆಗಿತ್ತು. ಮಳೆ ಎಷ್ಟು ಬಿತ್ತು, ಬೋರಿನಲ್ಲಿ ನೀರು ಎಷ್ಟು ಅಡಿಯಲ್ಲಿದೆ ಅಂತ ಹಳ್ಳಿಯವರೇ ಅಳೆದು ಗೋಡೆಯ ಮೇಲೆ ಬರೆದರು. ಹಿಂಗಾರಿಗೆ ಮುಂಚೆ ಎಲ್ಲರೂ ಕೂತು, ಇರುವ ನೀರಿಗೆ ಯಾವ ಬೆಳೆ ಎಷ್ಟು ಎಕರೆ ಅಂತ ಲೆಕ್ಕ ಹಾಕಿದರು. ದಂಡ ಇಲ್ಲ, ನಿಷೇಧ ಇಲ್ಲ. ಲೆಕ್ಕ ಎದುರಿಗಿದ್ದಾಗ ಅನೇಕರು ತಾವಾಗಿಯೇ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೋದರು. ನಮ್ಮ ನೀರುಗಂಟಿ ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಇದನ್ನೇ, ಕೆರೆಯ ನೀರಿಗೆ.

ಹುಡುಗನಿಗೆ ಕೊಟ್ಟ ಉತ್ತರ

ಇಂಜಿನ್ ಏನಾಯಿತು ಹೇಳಿಬಿಡೋಣ. ಪಿಸ್ಟನ್ ಕಚ್ಚಿಕೊಂಡಿತ್ತು. ತಲೆ ಬಿಚ್ಚಿ, ಸಿಲಿಂಡರಿಗೆ ಡೀಸೆಲ್ ಹೊಯ್ದು ಹತ್ತು ದಿನ ಬಿಟ್ಟೆವು. ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದಾಗ ಅಲುಗಾಡಿತು. ನೀರು ಹರಿಯುವ ಜಾಕೆಟ್ಟಿನೊಳಗೆ ನಮ್ಮ ಗಡಸು ನೀರಿನ ಸುಣ್ಣ ಕಲ್ಲಿನ ಹಾಗೆ ಕಟ್ಟಿತ್ತು, ಕೆರೆದು ತೆಗೆದೆವು. ವಾಲ್ವುಗಳನ್ನು ಪೇಸ್ಟ್ ಹಾಕಿ ಉಜ್ಜಿ ಕೂರಿಸಿದ್ದು ಮುಳಬಾಗಿಲಿನ ಒಬ್ಬ ವಯಸ್ಸಾದ ಮೆಕಾನಿಕ್. ನಾಝಲ್ಲನ್ನು ಕೋಲಾರದಲ್ಲಿ ಟೆಸ್ಟ್ ಮಾಡಿಸಿದೆವು. ರಿಂಗುಗಳು ಹೊಸವು. ಗ್ಯಾಸ್ಕೆಟ್ ಕೈಯಲ್ಲೇ ಕತ್ತರಿಸಿದ್ದು.

ಒಂದು ಭಾನುವಾರ ಬೆಳಗ್ಗೆ ವಾಲ್ವ್ ಎತ್ತುವ ಲಿವರ್ ಮೇಲಿಟ್ಟು, ಇಬ್ಬರು ಹ್ಯಾಂಡಲ್ ತಿರುಗಿಸಿದೆವು. ಚಕ್ರ ವೇಗ ಹಿಡಿದಾಗ ಲಿವರ್ ಬಿಟ್ಟೆವು. ಒಂದು ಸಲ ಕೆಮ್ಮಿತು. ಎರಡನೇ ಸಲ ಕಪ್ಪು ಹೊಗೆ. ಮೂರನೇ ಸಲ ಹಿಡಿಯಿತು. ಡುಗ್, ಡುಗ್, ಡುಗ್. ಊರಿನ ವಯಸ್ಸಾದವರು ಒಬ್ಬೊಬ್ಬರೇ ತೋಪಿಗೆ ಬಂದರು. ಯಾರೂ ಜಾಸ್ತಿ ಮಾತಾಡಲಿಲ್ಲ. ಒಬ್ಬರು ಬಾವಿಯೊಳಗೆ ಬಗ್ಗಿ ನೋಡಿದರು. ತಳದಲ್ಲಿ ಪ್ಲಾಸ್ಟಿಕ್ ಚೀಲ, ಮುಳ್ಳು.

ಹುಡುಗ ಮತ್ತೆ ಕೇಳಿದ: "ಈಗ ದೋಣಿಗೆ ಹಾಕ್ತೀರಾ?"

ಈಗ ಕೆರೆಯಲ್ಲಿ ನೀರಿದೆ ಅನ್ನೋದು ಅವನ ವಾದ. ಅದು ನಿಜ. 2018ರ ಜೂನ್‌ನಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದಾಗಿ ಬೇರೆ ಕೆರೆಗಳಿಗೆ. 2021ರ ನವೆಂಬರ್ ಮಳೆಗೆ ವರ್ಷಗಟ್ಟಲೆ ಕೋಡಿ ಕಾಣದ ಕೆರೆಗಳೂ ಹರಿದವು. ಆ ನೀರಿನ ಗುಣಮಟ್ಟದ ಬಗ್ಗೆ ಜಿಲ್ಲೆಯಲ್ಲಿ ಚರ್ಚೆ ಇನ್ನೂ ನಡೀತಿದೆ. ಆದರೆ ಒಂದು ನಿಯಮ ಸ್ಪಷ್ಟವಾಗಿದೆ: ಆ ಕೆರೆಗಳಿಂದ ನೇರವಾಗಿ ಪಂಪು ಇಟ್ಟು ನೀರೆತ್ತುವಂತಿಲ್ಲ. ಅದು ನೆಲಕ್ಕೆ ಇಂಗಲಿ ಅಂತ ಬಿಟ್ಟಿರೋದು. ಅಂಥ ಕೆರೆಗೆ ಡೀಸೆಲ್ ಸೋರುವ ಹಳೇ ಇಂಜಿನ್ ಇಳಿಸೋದು ತಪ್ಪು ಅಂತ ಹೇಳಿದೆವು. ಅವನಿಗೆ ಸಮಾಧಾನ ಆಗಲಿಲ್ಲ. ಹರಿಗೋಲು ಸಾಕು ಅಂದರೆ ಅದರಲ್ಲಿ ಸದ್ದು ಬರಲ್ಲ ಅಂದ.

ಇಂಜಿನ್ ಈಗ ಮೇವು ಕತ್ತರಿಸುವ ಯಂತ್ರಕ್ಕೆ ಬೆಲ್ಟು ಹಾಕಿಕೊಂಡು ಕೂತಿದೆ. ಮನೆಯಲ್ಲಿ ನಾಲ್ಕು ಹಸು, ಬೆಳಗ್ಗೆ ಸಂಜೆ ಡೈರಿಗೆ ಹಾಲು. ಕರೆಂಟು ಹೋದ ದಿನ ಇಂಜಿನ್ನಿಗೆ ಕೆಲಸ. ಗುಜರಿಯವರು ಇನ್ನೊಮ್ಮೆ ಬಂದು ವಾಪಸ್ ಹೋದರು.

ನಿಮ್ಮ ಊರಲ್ಲೂ ಇಂಥ ಇಂಜಿನ್ ಇರಬಹುದು. ಮಾರುವ ಮುಂಚೆ ಮನೆಯ ಹಿರಿಯರನ್ನು ಎರಡು ಪ್ರಶ್ನೆ ಕೇಳಿ. ಇಂಜಿನ್ ತಂದ ವರ್ಷ ಬಾವಿಯಲ್ಲಿ ನೀರು ಎಷ್ಟು ಅಡಿಯಲ್ಲಿತ್ತು? ಇಂಜಿನ್ ನಿಂತ ವರ್ಷ ಎಷ್ಟು ಅಡಿಯಲ್ಲಿತ್ತು? ಎರಡು ಅಂಕಿಯನ್ನೂ ಇಸವಿ ಸಮೇತ ಬಾವಿಯ ಕಟ್ಟೆ ಮೇಲೆ ಬಣ್ಣದಲ್ಲಿ ಬರೆಯಿರಿ. ಅದರ ಕೆಳಗೆ ನಿಮ್ಮ ಬೋರಿನ ಇವತ್ತಿನ ಅಡಿಯನ್ನೂ ಬರೆಯಿರಿ. ಊರವರು ಕೂತು ಮಾತಾಡೋಕೆ ಮೊದಲು ಬೇಕಾದದ್ದು ಈ ಮೂರು ಅಂಕಿ.